ಅರಿವಿನ ದಾರಿ, ಗುರುವಿನ ಪರೀಕ್ಷೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಹಾರಾಷ್ಟ್ರದ ಜತ್ತ ತಾಲ್ಲೂಕಿನ ನಮ್ಮ ಊರಿನಲ್ಲಿ ಪ್ರತಿ ಗುರುವಾರ ಸಂಜೆ ಹದಿನೈದು-ಇಪ್ಪತ್ತು ಜನ ಸೇರಿ ಧ್ಯಾನಕ್ಕೆಂದು ಸುಮ್ನೆ ಕೂಡುತ್ತೇವೆ. ನಾನು ಕನ್ನಡ ಶಾಲೆಯಲ್ಲಿ ಮಾಸ್ತರನಾಗಿದ್ದವನು. ಗುರುವಲ್ಲ, ನಾಮ (ಜಪಕ್ಕೆ ದೇವರ ಹೆಸರು) ಕೊಡುವವನೂ ಅಲ್ಲ. ಕೂತು ಎದ್ದ ಮೇಲೆ ಚಹಾ ಕುಡಿಯುತ್ತಾ ಜನ ಕೇಳಿದ್ದು, ಸೋಲಾಪುರ, ಅಕ್ಕಲಕೋಟೆ, ಇಂಡಿ ಕಡೆಯಿಂದ ಪತ್ರದಲ್ಲಿ ಬಂದದ್ದು, ಫೋನಿನಲ್ಲಿ ಅಳುತ್ತಾ ಕೇಳಿದ್ದು, ಎಲ್ಲ ಇಲ್ಲಿವೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ.

## ಶುರುವಿನಲ್ಲಿ

ಮಾಸ್ತರ್, "ಈ ಕ್ಷಣದಲ್ಲಿ ಇರಿ" ಅಂತಾರಲ್ಲ, ನಾನು ಮತ್ತೆಲ್ಲಿ ಇದ್ದೇನೆ? ಇಲ್ಲೇ ಇದ್ದೇನಲ್ಲ!

ಮೈ ಇಲ್ಲೇ ಇದೆ. ಮನಸ್ಸು ಇದೆಯಾ ನೋಡಿ.

ರೊಟ್ಟಿ ಬಡಿಯುವವರ ಹತ್ತಿರ ಕೂತು ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. ನಮ್ಮ ಅವ್ವ ಎಸರಿಟ್ಟು, ಹಿಟ್ಟು ನಾದಿ, ಬಡಿಯಲು ಕೂತರೆ ಬಲಗೈ ತಟ್ಟುತ್ತಿತ್ತು, ಎಡಗೈ ಅಂಚು ಕಾಯುತ್ತಿತ್ತು, ರೊಟ್ಟಿ ತಾನಾಗಿಯೇ ತಿರುಗುತ್ತಿತ್ತು. ಒಮ್ಮೆ ನಮ್ಮ ಅಣ್ಣನನ್ನು ಸೋಲಾಪುರದ ಆಸ್ಪತ್ರೆಗೆ ಸೇರಿಸಿದ್ದೆವು. ಮಾರನೆಯ ದಿನ ಅದೇ ಹಿಟ್ಟು, ಅದೇ ಕೈ. ಸಾಲಾಗಿ ಮೂರು ರೊಟ್ಟಿಯ ಅಂಚು ಸೀಳಿತು. "ಕೈ ಇಲ್ಲೇ ಅದಾವ, ನಾ ಇಲ್ಲ" ಅಂದಳು. ಧ್ಯಾನ ಅನ್ನುವ ಪದವನ್ನು ಅವಳು ಬಳಸಿದ್ದು ನನಗೆ ನೆನಪಿಲ್ಲ.

ಆಗುತ್ತಿರುವುದು ಆಗುತ್ತಿರುವಾಗಲೇ ಗೊತ್ತಿರುವುದು. ಇಷ್ಟೇ ಈ ಕ್ಷಣದ ಅರಿವು. ಉಸಿರು ಒಳಗೆ ಬಂತು, ಗೊತ್ತು. ಸಿಟ್ಟು ಏರುತ್ತಿದೆ, ಗೊತ್ತು. "ಮೈಮೇಲೆ ಪರಿವೆ ಇಲ್ಲದೆ ನಡೆದ" ಅನ್ನುತ್ತೇವಲ್ಲ, ಆ ಪರಿವೆ.

ಇದಕ್ಕೂ ಜ್ಞಾನೋದಯಕ್ಕೂ ಏನು ಸಂಬಂಧ? ಇದು ಬರೀ ಟೆನ್ಷನ್ ಕಡಿಮೆ ಮಾಡಿಕೊಳ್ಳುವ ಉಪಾಯ ಅಲ್ವಾ?

ಹಾಗೂ ಬಳಸುತ್ತಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಝಿನ್ 1979ರಲ್ಲಿ ಇದರದೇ ಒಂದು ತರಬೇತಿ ಶುರು ಮಾಡಿದರು. ವಾಸಿಯಾಗದ ನೋವಿನ ಜೊತೆ ಬದುಕುವ ರೋಗಿಗಳಿಗೆ ಅದು ನೆರವಾಯಿತು. ಆಸ್ಪತ್ರೆಯಲ್ಲಿ ಅದಕ್ಕೆ ಅಷ್ಟೇ ಕೆಲಸ, ಅದರಲ್ಲಿ ತಪ್ಪೇನಿಲ್ಲ.

ಆದರೆ ಬುದ್ಧ ಇದನ್ನು ಕಲಿಸಿದ್ದು ದುಃಖದ ಬೇರನ್ನೇ ಕೀಳಲು. ಮೈಯನ್ನು ನೋಡು, ಹಿತ-ಅಹಿತವನ್ನು ನೋಡು, ಮನಸ್ಸನ್ನು ನೋಡು, ಮನಸ್ಸಿನಲ್ಲಿ ಏಳುವ ಸಂಗತಿಗಳನ್ನು ನೋಡು ಎಂದು ನಾಲ್ಕು ನೆಲೆ ಹೇಳಿದ. ದಿನಗಟ್ಟಲೆ ಹೀಗೆ ನೋಡಿದರೆ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ವಿಚಾರ ನಾವು ಕರೆಯದೆ ಬರುತ್ತದೆ, ನಾವು ಕಳಿಸದೆ ಹೋಗುತ್ತದೆ. ಹಾಗಾದರೆ ಇಷ್ಟು ದಿನ "ನಾನು, ನಾನು" ಅಂದದ್ದು ಯಾವುದನ್ನು? ಈ ಪ್ರಶ್ನೆ ಬಾಯಿಪಾಠವಾಗದೆ ಎದೆಗೆ ತಾಗಿದಾಗ ಆ ದಾರಿ ಶುರುವಾಗುತ್ತದೆ.

ಮುಂದಿನ ಮಾತಿನಲ್ಲಿ ಹಿರಿಯರಿಗೆ ಒಮ್ಮತವಿಲ್ಲ. ಹುಡುಕಿದರೆ ಗಟ್ಟಿಯಾದ "ನಾನು" ಸಿಗುವುದೇ ಇಲ್ಲ ಎನ್ನುತ್ತಾರೆ ಬೌದ್ಧರು. ಎಲ್ಲ ಹೋದ ಮೇಲೆ ಉಳಿಯುವ ಅರಿವೇ ನಿಜವಾದ ನಾನು ಎನ್ನುತ್ತಾರೆ ರಮಣ ಮಹರ್ಷಿಗಳು. ಎಲ್ಲ ಒಂದೇ ಎಂದು ಸವರಿ ಹಾಕಲು ನನಗೆ ಮನಸ್ಸಿಲ್ಲ. ಆದರೆ ಶುರುವಿನ ಹತ್ತು ವರ್ಷ ಇಬ್ಬರೂ ಹೇಳುವ ಕೆಲಸ ಹೆಚ್ಚು ಕಡಿಮೆ ಒಂದೇ: ನೋಡು.

ಇದು ಹೊರಗಿನಿಂದ ಬಂದದ್ದಾ? ನಮ್ಮ ಕಡೆ ಇರಲಿಲ್ವಾ?

ಹಿತ್ತಲ ಗಿಡ ಮದ್ದಲ್ಲ ಅನ್ನುವ ಮಾತು ಈ ವಿಷಯದಲ್ಲಿ ನೂರಕ್ಕೆ ನೂರು ನಿಜ. ಬುದ್ಧ ಬಳಸಿದ ಪಾಲಿ ಪದ "ಸತಿ". ಅದು ಸಂಸ್ಕೃತದ ಸ್ಮೃತಿ, ಅಂದರೆ ನೆನಪು. ನಮ್ಮ ಶರಣರು "ನೆನಹು" ಎಂದರು, "ಅರಿವು" ಎಂದರು.

ಇನ್ನೂ ಹತ್ತಿರದ ಕಥೆ ಹೇಳುತ್ತೇನೆ. ಮುಂಬಯಿಯ ಖೇತವಾಡಿಯಲ್ಲಿ ಬೀಡಿ ಅಂಗಡಿ ಇಟ್ಟಿದ್ದ ನಿಸರ್ಗದತ್ತ ಮಹಾರಾಜರನ್ನು (1897–1981) ಹುಡುಕಿಕೊಂಡು ದೇಶ-ವಿದೇಶದವರು ಬರುತ್ತಿದ್ದರು. "ನಾನು ಇದ್ದೇನೆ" ಅನ್ನುವ ಭಾವವನ್ನು ಬಿಡದೆ ಹಿಡಿ ಎಂಬುದೇ ಅವರ ಪಾಠ. ಅವರ ಗುರು ಸಿದ್ಧರಾಮೇಶ್ವರ ಮಹಾರಾಜರು (1888–1936) ಸೋಲಾಪುರ ಜಿಲ್ಲೆಯ ಪಾಥ್ರಿಯವರು. ಸಿದ್ಧರಾಮೇಶ್ವರರ ಗುರು ಭಾವೂಸಾಹೇಬ ಮಹಾರಾಜರು (1843–1914) ನಮ್ಮ ಜತ್ತ ತಾಲ್ಲೂಕಿನ ಉಮದಿಯವರು. ಅವರ ಮಠ ಗಡಿ ದಾಟಿದರೆ ಸಿಗುವ ಇಂಚಗೇರಿಯಲ್ಲಿದೆ. ಅಮೆರಿಕದಿಂದ ತರಿಸಿಕೊಂಡ ಪುಸ್ತಕದಲ್ಲಿ ನಿಸರ್ಗದತ್ತರ ಹೆಸರು ಓದಿ, ಇವರು ಯಾರು ಮಾಸ್ತರ್ ಎಂದು ಒಬ್ಬ ಹುಡುಗ ಕೇಳಿದ. ಅವನ ಮನೆ ಇದ್ದದ್ದು ಉಮದಿಯಲ್ಲೇ.

ನಾವು ನಾಮ ತೊಗೊಂಡವರು. ದಿನಾ ನೇಮಕ್ಕೆ ಕೂಡ್ತೀವಿ. ಇದನ್ನೂ ಮಾಡಬಹುದಾ, ಗುರುದ್ರೋಹ ಆಗುತ್ತಾ?

ಏನೂ ಬದಲಾಯಿಸಬೇಡಿ. ನೇಮದಲ್ಲಿ ನಾಮ ನಡೆಯುತ್ತಿರುವಾಗ ನಾಮ ನಡೆಯುತ್ತಿದೆ ಎಂದು ಗೊತ್ತಿದೆಯಾ, ಇಲ್ಲ ನಾಲಿಗೆ ಒಂದು ಕಡೆ, ಮನಸ್ಸು ಸಂತೆಯಲ್ಲಾ? ಅಷ್ಟು ನೋಡಿಕೊಳ್ಳಿ. ಭಾವೂಸಾಹೇಬರಿಂದ ನಾಮ ಪಡೆದ ಗುರುದೇವ ರಾನಡೆಯವರು (1886–1957) ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, ಕುಲಪತಿಗಳೂ ಆಗಿದ್ದರು. ಜಗತ್ತಿನ ಎಲ್ಲ ತತ್ವ ಓದಿದ ಮೇಲೂ ವಿಜಯಪುರ ಜಿಲ್ಲೆಯ ನಿಂಬಾಳಕ್ಕೆ ಬಂದು ಅದೇ ನಾಮಕ್ಕೆ ಕೂತರು.

ಕೂತರೆ ಮನಸ್ಸು ಇನ್ನೂ ಜಾಸ್ತಿ ಓಡುತ್ತೆ. ನನ್ನಿಂದ ಇದು ಆಗೋದಿಲ್ಲ ಅನ್ಸುತ್ತೆ.

ಮೊದಲೂ ಅಷ್ಟೇ ಓಡುತ್ತಿತ್ತು. ಈಗ ಕಾಣಿಸುತ್ತಿದೆ. ಕಸ ಗುಡಿಸಲು ಶುರು ಮಾಡಿದಾಗಲೇ ಧೂಳು ಏಳುವುದು.

ಮೂಗಿನ ತುದಿಯಲ್ಲಿ ಉಸಿರು ತಾಗುವ ಜಾಗ ನೋಡಿ. ಎರಡು ಉಸಿರಿಗೆ ಮನಸ್ಸು ಹೊಲಕ್ಕೆ ಹೋಗುತ್ತದೆ. ಹೋಗಿದೆ ಎಂದು ಗೊತ್ತಾಗುತ್ತದಲ್ಲ, ಅದೇ ಎಚ್ಚರದ ಗಳಿಗೆ. ಬೈದುಕೊಳ್ಳದೆ ಮತ್ತೆ ಉಸಿರಿಗೆ ಬನ್ನಿ. ಅರ್ಧ ಗಂಟೆಯಲ್ಲಿ ನೂರು ಸಲ ಹೋಗಿ ನೂರು ಸಲ ಬಂದರೆ ನೂರು ಸಲ ಎಚ್ಚರವಾದಂತೆ. ಸೋತೆ ಎಂದು ಎದ್ದು ಹೋಗುವವರು ಗೆಲ್ಲುತ್ತಿರುವಾಗಲೇ ಎದ್ದು ಹೋಗುತ್ತಾರೆ. ಇದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ.

ದಿನಕ್ಕೆ ಎಷ್ಟು ಹೊತ್ತು?

ಹೊಸಬರಿಗೆ ಹದಿನೈದು ನಿಮಿಷ. ದಿನಾ. ವಾರಕ್ಕೊಮ್ಮೆ ಎರಡು ಗಂಟೆಗಿಂತ ಅದೇ ಮೇಲು.

ಮಾಂಸ, ಈರುಳ್ಳಿ, ಬೆಳ್ಳುಳ್ಳಿ ಬಿಡಬೇಕಾ?

ಕೂಡುವ ಮುಂಚೆ ಹೊಟ್ಟೆ ಬಿರಿಯ ಉಣ್ಣಬೇಡಿ, ಕುಡಿದು ಕೂಡಬೇಡಿ. ಉಳಿದದ್ದು ನಿಮ್ಮ ಮನೆಯ ಪದ್ಧತಿ.

ನಾನು ಬೆಳಗ್ಗೆಯಿಂದ ಬೀಡಿ ಕಟ್ಟಬೇಕು, ಮಕ್ಕಳು, ಅತ್ತೆ. ಗಂಡಸರ ಹಾಗೆ ಕಣ್ಣು ಮುಚ್ಚಿ ಕೂಡೋಕೆ ನನಗೆಲ್ಲಿ ಪುರಸೊತ್ತು?

ಸೋಲಾಪುರದಿಂದ ಬಂದ ಈ ಪತ್ರವನ್ನು ಎರಡು ದಿನ ಇಟ್ಟುಕೊಂಡು ಆಮೇಲೆ ಉತ್ತರ ಬರೆದೆ. ದಿನಕ್ಕೆ ಸಾವಿರ ಬೀಡಿ ಕಟ್ಟಬೇಕಾದ ತಾಯಿಗೆ "ಸಮಯ ಮಾಡಿಕೊಳ್ಳಿ" ಅನ್ನುವುದು ಸುಲಭ, ಆದರೆ ಸರಿಯಲ್ಲ.

ನಿಮ್ಮ ಕೆಲಸದಲ್ಲೇ ಜಾಗ ಹುಡುಕೋಣ. ಎಲೆ ಕೈಗೆ ಬಂತು, ತಂಬಾಕು ಹರಡಿತು, ಉರುಳಿತು, ದಾರ ಸುತ್ತಿತು. ಒಂದು ಕಟ್ಟಿಗೆ ಇಪ್ಪತ್ತೈದು ಬೀಡಿ ಅಲ್ವಾ? ಕಟ್ಟಿನ ಮೊದಲ ಬೀಡಿಯನ್ನು ಮಾತ್ರ ಪೂರ್ತಿ ಪರಿವೆಯಿಂದ ಕಟ್ಟಿ. ಎಲೆಯ ಒದ್ದೆ, ದಾರದ ಬಿಗಿ ಬೆರಳಿಗೆ ತಿಳಿಯಲಿ. ಉಳಿದ ಇಪ್ಪತ್ನಾಲ್ಕು ಹೇಗೋ ಆಗಲಿ. ಸಾವಿರಕ್ಕೆ ನಲವತ್ತು ಸಲ ಆಯಿತು. ಎರಡು ತಿಂಗಳಾದ ಮೇಲೆ ಆ ತಾಯಿ ಮತ್ತೆ ಬರೆದರು: ಅತ್ತೆ ಬೈದಾಗ ಉತ್ತರ ಬಾಯಿಗೆ ಬರುವ ಮುಂಚೆ ಗಂಟಲಲ್ಲಿ ಬಿಸಿ ಏರುವುದು ಈಗ ಗೊತ್ತಾಗುತ್ತಿದೆಯಂತೆ. ಶಿಬಿರ ಮುಗಿಸಿ ಬಂದ ಎಷ್ಟೋ ಗಂಡಸರಿಗೆ ಅಷ್ಟು ಗೊತ್ತಾಗುವುದಿಲ್ಲ.

## ಸ್ವಲ್ಪ ದಿನ ಕೂತ ಮೇಲೆ

ಹತ್ತು ದಿನದ ವಿಪಶ್ಯನಾ ಶಿಬಿರಕ್ಕೆ ಹೋಗಲಾ?

ಆರೋಗ್ಯ ಗಟ್ಟಿ ಇದ್ದರೆ, ಮನೆಯಲ್ಲಿ ಒಪ್ಪಿದರೆ, ಹೋಗಿ. ಬರ್ಮಾದ ಮಾಂಡಲೆಯಲ್ಲಿ ಹುಟ್ಟಿದ ಸತ್ಯನಾರಾಯಣ ಗೋಯೆಂಕಾ (1924–2013) ಅಲ್ಲಿನ ಧ್ಯಾನದ ಗುರು ಸಯಾಜಿ ಊ ಬಾ ಖಿನ್ ಅವರ ಬಳಿ ವಿಪಶ್ಯನಾ ಕಲಿತು 1969ರಲ್ಲಿ ಭಾರತಕ್ಕೆ ಬಂದರು. ನಾಶಿಕ ಜಿಲ್ಲೆಯ ಇಗತಪುರಿಯ ಧಮ್ಮಗಿರಿ ಅವರು ಕಟ್ಟಿದ್ದು.

ಹೋಗುವ ಮುಂಚೆ ಗೊತ್ತಿರಲಿ. ಬೆಳಗ್ಗೆ 4ಕ್ಕೆ ಗಂಟೆ ಬಾರಿಸುತ್ತಾರೆ. ದಿನಕ್ಕೆ ಸುಮಾರು 10 ಗಂಟೆ ಕೂಡಬೇಕು. ಫೋನಿಲ್ಲ, ಪುಸ್ತಕವಿಲ್ಲ, ಮಾತಿಲ್ಲ. ಸಂಜೆ ಊಟವಿಲ್ಲ, ಹೊಸಬರಿಗೆ ಹಣ್ಣು, ಚಹಾ. ಮೊದಲ ಮೂರು ದಿನ ಬರೀ ಉಸಿರು, ಆಮೇಲೆ ಮೈಯ ಸಂವೇದನೆ ನೋಡುವುದು. ಶುಲ್ಕ ಇಲ್ಲ. ಒಂದು ಶಿಬಿರ ಪೂರ್ತಿ ಮಾಡಿದವರಿಂದ ಮಾತ್ರ ದಾನ ತೆಗೆದುಕೊಳ್ಳುತ್ತಾರೆ. ಈ ನಿಯಮ ನನಗೆ ತುಂಬ ಮೆಚ್ಚುಗೆ.

ಇದೇ ಒಂದು ದಾರಿ ಎಂದು ಹಠ ಹಿಡಿದು ವಾಪಸ್ ಬರಬೇಡಿ. ಮೂರನೆಯ ದಿನ ಮೊಣಕಾಲು ಸಿಡಿದು ಎಲ್ಲರಿಗೂ ಓಡಿಹೋಗಬೇಕು ಅನ್ನಿಸುತ್ತದೆ. ನನಗೂ ಅನ್ನಿಸಿತ್ತು.

ಕೂತಾಗ ಬೆಳಕು ಕಂಡಿತು, ಗಂಟೆ ಶಬ್ದ ಕೇಳಿಸಿತು. ಇದು ಎಷ್ಟನೇ ಮೆಟ್ಟಿಲು?

ಮನಸ್ಸು ಒಂದು ಕಡೆ ನಿಲ್ಲತೊಡಗಿದಾಗ ಕೆಲವರಿಗೆ ಹೀಗಾಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಬಂತು ಎಂದು ನೋಡಿ, ಹೋಯಿತು ಎಂದು ನೋಡಿ. ಮೆಟ್ಟಿಲು ಎಣಿಸಿ ಕೊಡುವವರ ಹತ್ತಿರ ಹೋಗಬೇಡಿ.

ಕೂಡೋಕೆ ಶುರು ಮಾಡಿದ ಮೇಲೆ ಭಯ ಜಾಸ್ತಿ ಆಗಿದೆ. ರಾತ್ರಿ ನಿದ್ದೆ ಇಲ್ಲ. ನಾನು ನಾನಲ್ಲ ಅನ್ಸುತ್ತೆ. ಗುರುಗಳು "ಹಳೇ ಕರ್ಮ ಹೊರಗೆ ಬರುತ್ತಿದೆ, ಮುಂದುವರಿಸು" ಅಂದರು.

ನಿಲ್ಲಿಸಿ. ಇವತ್ತೇ.

ಧ್ಯಾನ ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ಒಳ್ಳೆಯದು ಎಂಬುದು ಸುಳ್ಳು. ಕೆಲವರಲ್ಲಿ ಹಳೆಯ ಆಘಾತ ಏಳುತ್ತದೆ. ಕೆಲವರಿಗೆ ತಾನು ತನ್ನಿಂದಲೇ ಬೇರೆಯಾದಂತೆ ಅನ್ನಿಸಿ ಹೆದರಿಕೆ ಹತ್ತುತ್ತದೆ. ಮನೋರೋಗ ಇದ್ದವರಿಗೆ ಅದು ಕೆರಳಬಹುದು. ಜವಾಬ್ದಾರಿ ಇರುವ ಶಿಬಿರಗಳು ಅರ್ಜಿಯಲ್ಲೇ ಇದನ್ನು ಕೇಳುವುದು ಸುಮ್ನೆ ಅಲ್ಲ. ಮುಚ್ಚಿಡಬೇಡಿ.

ಕಣ್ಣು ತೆರೆದು ಇರಿ. ಬರಿಗಾಲಲ್ಲಿ ಮಣ್ಣಿನ ಮೇಲೆ ನಡೆಯಿರಿ. ಹೊಟ್ಟೆ ತುಂಬ ಉಣ್ಣಿ, ಮನೆಯವರ ಜೊತೆ ಮಾತಾಡಿ. ನಿದ್ದೆ ಬರದೆ ಎರಡು-ಮೂರು ದಿನವಾದರೆ, ಬದುಕುವುದು ಬೇಡ ಅನ್ನಿಸಿದರೆ, ಮನೋವೈದ್ಯರ ಹತ್ತಿರ ಹೋಗಿ. ಮನಸ್ಸಿನ ತೊಂದರೆಗೆಂದೇ ಇರುವ ಸರ್ಕಾರದ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ದುಡ್ಡು ಹತ್ತುವುದಿಲ್ಲ. ಈಗಾಗಲೇ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಯಾವ ಗುರು ಹೇಳಿದರೂ ಬಿಡಬೇಡಿ.

ಈ ಕ್ಷಣದಲ್ಲೇ ಇದ್ದರೆ ಸಾಲದ ಕಂತು ಯಾರು ಯೋಚಿಸೋದು? ದ್ರಾಕ್ಷಿ ತೋಟ ಇಟ್ಟವನಿಗೆ ಇದು ಹೊಂದುತ್ತಾ?

ಯೋಚನೆ ಬೇಡ ಎಂದವರು ಯಾರು? ಅಕ್ಟೋಬರ್ ಚಾಟ್ನಿಯಲ್ಲಿ (ಬಳ್ಳಿ ಕತ್ತರಿಸುವಾಗ) ಎಷ್ಟು ಕಣ್ಣು (ಚಿಗುರುವ ಮೊಗ್ಗು) ಬಿಟ್ಟು ಕತ್ತರಿಸಬೇಕು ಎಂದು ಲೆಕ್ಕ ಹಾಕಲೇಬೇಕು. ಕೂತು ಹಾಕಿ, ಕಾಗದದ ಮೇಲೆ ಬರೆಯಿರಿ. ಆಗ ಆ ಲೆಕ್ಕವೇ ಈ ಕ್ಷಣದ ಕೆಲಸ. ಕತ್ತರಿ ಕೈಯಲ್ಲಿದ್ದಾಗ ಬ್ಯಾಂಕಿನ ನೋಟಿಸು ತಲೆಯಲ್ಲಿದ್ದರೆ ಗೊನೆ ಬರುವ ಕಣ್ಣೇ ಕತ್ತರಿಸಿ ಹೋಗುತ್ತದೆ. ನಮ್ಮ ಜೊತೆ ಕೂಡುವ ರೈತರೊಬ್ಬರು ಸಾಲದ ಚಿಂತೆಗೆ ಒಂದು ಹೊತ್ತು ಗೊತ್ತು ಮಾಡಿದ್ದಾರೆ. ಊಟವಾದ ಮೇಲೆ ಅರ್ಧ ಗಂಟೆ, ವಹಿ ಮುಂದಿಟ್ಟುಕೊಂಡು. ಸಾಲ ಹೋಗಿಲ್ಲ. ಆದರೆ ಇಪ್ಪತ್ನಾಲ್ಕು ತಾಸಿನ ಚಿಂತೆ ಅರ್ಧ ಗಂಟೆಗೆ ಬಂದಿದೆ.

## ಗುರುಗಳ ವಿಷಯ

ಗುರು ಬೇಕೇ ಬೇಕಾ? ಜೆ. ಕೃಷ್ಣಮೂರ್ತಿ ಬೇಡ ಅಂದರಲ್ಲ?

ಮದನಪಲ್ಲಿಯಲ್ಲಿ ಹುಟ್ಟಿದ ಕೃಷ್ಣಮೂರ್ತಿಯವರನ್ನು ಥಿಯೊಸಾಫಿಸ್ಟರು ಜಗದ್ಗುರು ಮಾಡಲು ಹೊರಟಿದ್ದರು. 1929ರಲ್ಲಿ ಹಾಲೆಂಡಿನ ಓಮ್ಮೆನ್‌ನಲ್ಲಿ ಸಾವಿರಾರು ಜನರ ಮುಂದೆ ಅವರು ಅದಕ್ಕೆಂದೇ ಕಟ್ಟಿದ್ದ ಸಂಘವನ್ನು ಮುಚ್ಚಿದರು, ಬಂದ ಆಸ್ತಿಯನ್ನು ವಾಪಸ್ ಕೊಟ್ಟರು. ಅದಕ್ಕೆ ಎದೆ ಬೇಕು. ಆದರೂ ಮುಂದಿನ ಐವತ್ತಾರು ವರ್ಷ ಅವರು ಊರೂರು ತಿರುಗಿ ಮಾತಾಡಿದರು, ಜನ ಕೇಳಿ ಕಲಿತರು.

"ಮುಂದೆ ಗುರಿ ಇರಬೇಕು, ಹಿಂದೆ ಗುರು ಇರಬೇಕು" ಎಂಬ ಮಾತಿನಲ್ಲಿ ಗುರುವಿನ ಜಾಗ ಎಲ್ಲಿದೆ ನೋಡಿ. ಹಿಂದೆ. ನನ್ನ ಅನುಭವದಲ್ಲಿ ಈಜು ಕಲಿಸುವವರು ಬೇಕಾದ ಹಾಗೆ ಶುರುವಿನಲ್ಲಿ ಒಬ್ಬರು ಬೇಕು. ನಮಗೆ ನಮ್ಮ ಕುರುಡು ಕಾಣುವುದಿಲ್ಲವಲ್ಲ. ಈಜು ಬಂದ ಮೇಲೂ ಸೊಂಟಕ್ಕೆ ಹಗ್ಗ ಬಿಗಿದೇ ಇರುವವರಿಂದ ದೂರ ಇರಿ.

ಇವರು ನಿಜವಾದ ಗುರು ಅಂತ ಗೊತ್ತಾಗೋದು ಹೇಗೆ?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದು. ಎರಡೂವರೆ ಸಾವಿರ ವರ್ಷದ ಹಿಂದಿನ ಒಂದು ಪ್ರಸಂಗ ಹೇಳಿ ಉತ್ತರಿಸುತ್ತೇನೆ.

ಕೋಸಲದ ರಾಜ ಪಸೇನದಿ ಬುದ್ಧನ ಜೊತೆ ಕೂತಿದ್ದ. ಜಟೆ ಬಿಟ್ಟವರು, ದಿಗಂಬರರು, ಒಂದೇ ಬಟ್ಟೆಯವರು, ಒಂದಿಷ್ಟು ಸಾಧುಗಳು ಹಾದು ಹೋದರು. ರಾಜ ಎದ್ದು ಮಂಡಿಯೂರಿ ಕೈ ಮುಗಿದ. ತಿರುಗಿ ಬಂದು, "ಇವರು ಲೋಕದ ಅರಹಂತರಲ್ಲಿ (ಪೂರ್ತಿ ಬಿಡುಗಡೆ ಪಡೆದವರಲ್ಲಿ) ಸೇರಿದವರು ಅಲ್ಲವೇ?" ಎಂದು ಕೇಳಿದ. ಮನೆ-ಮಕ್ಕಳ ನಡುವೆ ಇರುವ ನಿನಗೆ ಅದು ಗೊತ್ತಾಗುವುದು ಕಷ್ಟ ಎಂದ ಬುದ್ಧ. ಒಬ್ಬನ ಶೀಲ ಗೊತ್ತಾಗುವುದು ಅವನ ಜೊತೆ ಬದುಕಿದಾಗ, ಪ್ರಾಮಾಣಿಕತೆ ಗೊತ್ತಾಗುವುದು ವ್ಯವಹಾರದಲ್ಲಿ, ಗಟ್ಟಿತನ ಗೊತ್ತಾಗುವುದು ಕಷ್ಟ ಬಂದಾಗ, ತಿಳಿವಳಿಕೆ ಗೊತ್ತಾಗುವುದು ಮಾತುಕತೆಯಲ್ಲಿ. ಅದೂ ಬಹಳ ಕಾಲದ ಮೇಲೆ, ಗಮನವಿಟ್ಟು ನೋಡಿದರೆ. ಆಗ ರಾಜ ನಿಜ ಹೇಳಿದ. ಆ ಸಾಧುಗಳು ಅವನದೇ ಗೂಢಚಾರರು. ವೇಷ ಹಾಕಿ ಸುದ್ದಿ ತರಲು ಹೋಗಿದ್ದವರು. ಮನೆಗೆ ಬಂದರೆ ಸ್ನಾನ ಮಾಡಿ, ಗಂಧ ಪೂಸಿಕೊಂಡು ಸುಖವಾಗಿ ಇರುವವರು!

ಇದನ್ನು ನಮ್ಮ ಲೆಕ್ಕಕ್ಕೆ ಇಳಿಸಿ. ವೇದಿಕೆಯ ಮೇಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ವಿಡಿಯೋದಲ್ಲಂತೂ ಇನ್ನೂ ಇಲ್ಲ. ಆಶ್ರಮದ ಹಿಂಬಾಗಿಲಿಗೆ ಹೋಗಿ. ಪಾತ್ರೆ ತೊಳೆಯುವವರಿಗೆ ಸಂಬಳ ಸರಿಯಾಗಿ ಬರುತ್ತಾ? ಅವರು ಗುರುಗಳ ಹೆಸರು ಹೇಳುವಾಗ ದನಿ ತಗ್ಗಿಸುತ್ತಾರಾ? ಬಿಟ್ಟು ಹೋದ ಹಳೆಯ ಶಿಷ್ಯರ ಬಗ್ಗೆ ಅಲ್ಲಿ ಹೇಗೆ ಮಾತಾಡುತ್ತಾರೆ? ಲೆಕ್ಕಪತ್ರ ಕೇಳಿದರೆ ತೋರಿಸುತ್ತಾರಾ? ಇಪ್ಪತ್ತು ವರ್ಷದಿಂದ ಹತ್ತಿರ ಇರುವ ಶಿಷ್ಯರನ್ನು ನೋಡಿ. ಅವರು ಮೆತ್ತಗಾಗಿದ್ದಾರಾ, ತಮ್ಮ ಕಾಲ ಮೇಲೆ ನಿಂತಿದ್ದಾರಾ, ಇಲ್ಲ ಒಂದು ಚಪ್ಪಲಿ ಕೊಳ್ಳಲೂ ಗುರುವನ್ನು ಕೇಳುತ್ತಾರಾ?

ಕೊನೆಯ ದಿನಗಳಲ್ಲಿ ಬುದ್ಧ ತನ್ನ ಶಿಷ್ಯ ಆನಂದನಿಗೆ ಹೇಳಿದ್ದೂ ನೆನಪಿರಲಿ. ತನ್ನ ಬೋಧೆಯಲ್ಲಿ ಒಳಗಿನದು-ಹೊರಗಿನದು ಎಂಬ ಭೇದ ಮಾಡಿಲ್ಲ, ಆಚಾರ್ಯನ ಮುಚ್ಚಿದ ಮುಷ್ಟಿ ತನಗಿಲ್ಲ ಎಂದ. ಮೂರನೆಯ ಹಂತದಲ್ಲಿ ಗುಟ್ಟು ಹೇಳುತ್ತೇವೆ, ಐದನೆಯ ಹಂತಕ್ಕೆ ಇಷ್ಟು ಸಾವಿರ ಅನ್ನುವವರ ಮುಷ್ಟಿ ಮುಚ್ಚಿದೆ.

ಅವರ ಎದುರು ಕೂತರೆ ಸಾಕು, ಕಣ್ಣೀರು ಬರುತ್ತೆ, ಮನಸ್ಸು ನಿಂತುಹೋಗುತ್ತೆ. ಇದಕ್ಕಿಂತ ಸಾಕ್ಷಿ ಬೇಕಾ?

ಬೇಕು. ಇದನ್ನು ನಾನು ಬೆಲೆ ಕೊಟ್ಟು ಕಲಿತೆ.

ಆರು ವರ್ಷ ಒಬ್ಬರ ಹಿಂದೆ ಹೋದೆ. ಮೊದಲ ಸಲ ಎದುರು ಕೂತಾಗ ನಿಮಗಾದ ಹಾಗೆಯೇ ಆಯಿತು. ಇಪ್ಪತ್ತು ವರ್ಷದ ಗದ್ದಲ ಒಮ್ಮೆಲೇ ನಿಂತ ಹಾಗೆ. ಅವರ ಮೇಲಿನ ಹಂತದ ಶಿಬಿರಕ್ಕೆಂದು ಹೆಂಡತಿಯ ಎರಡೆಳೆ ಸರ ಅಡ ಇಟ್ಟೆ. ಅವಳು ಒಂದು ಮಾತೂ ಆಡಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಒಂದು ದಿನ ಪ್ರವಚನಕ್ಕೆ ಮುಂಚೆ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದೆ. ಅಡುಗೆಮನೆಯ ಹುಡುಗ ಚಹಾ ತಂದದ್ದು ತಡವಾಗಿತ್ತು. ಅವರು ಲೋಟ ಎಸೆದರು. ಬಿಸಿ ಚಹಾ ಹುಡುಗನ ಪಾದದ ಮೇಲೆ ಬಿತ್ತು. ಅವನು ಕೂಗಲಿಲ್ಲ. ಬಗ್ಗಿ ಲೋಟ ಎತ್ತಿಕೊಂಡು, ತನ್ನ ಅಂಗಿಯಿಂದಲೇ ನೆಲ ಒರೆಸಿದ. ಅವನಿಗೆ ಅದು ರೂಢಿಯಾಗಿತ್ತು. ಐದು ನಿಮಿಷದ ಮೇಲೆ ಅವರು ವೇದಿಕೆ ಹತ್ತಿ ಪ್ರೀತಿಯ ಬಗ್ಗೆ ಮಾತಾಡಿದರು. ನನಗೆ ಅವತ್ತೂ ಕಣ್ಣೀರು ಬಂತು. ಮನಸ್ಸು ಅವತ್ತೂ ನಿಂತಿತು.

ಆಗ ತಿಳಿಯಿತು. ಅವರ ಎದುರು ನನಗೆ ಆಗುವ ಶಾಂತಿ ನನ್ನದು. ನನ್ನ ಹಸಿವಿನದು, ನನ್ನ ನಂಬಿಕೆಯದು, ಸಾವಿರ ಜನ ಒಟ್ಟಿಗೆ ಉಸಿರು ಹಿಡಿದು ಕೂತದ್ದರದು. ಅದು ಸುಳ್ಳಲ್ಲ. ಆದರೆ ಅದರಿಂದ ಅವರನ್ನು ಅಳೆಯಲು ಬರುವುದಿಲ್ಲ. ಅವರನ್ನು ಅಳೆಯಬೇಕಾದರೆ ಆ ಹುಡುಗನ ಪಾದ ನೋಡಬೇಕು.

ಗುರು ದುಡ್ಡು ತೊಗೊಳ್ಳೋದೇ ತಪ್ಪಾ?

ಅಲ್ಲ. ಊಟ, ಕೋಣೆ, ಕರೆಂಟು ಬಿಲ್ಲು ಯಾರಾದರೂ ಕೊಡಬೇಕು. ಖರ್ಚು ಎಷ್ಟು ಎಂದು ಹೇಳಿ ತೆಗೆದುಕೊಂಡರೆ ಸರಿ. ಪಾಪ ಹೋಗುತ್ತೆ, ಬೆಳೆ ಬರುತ್ತೆ, ಮಗನಿಗೆ ನೌಕರಿ ಸಿಗುತ್ತೆ ಎಂದು ತೆಗೆದುಕೊಂಡರೆ ಅದು ಮಾರಾಟ. ಸಾಲ ಮಾಡಿ ಕೊಡಬೇಡಿ. ಮನೆಯವರಿಗೆ ಹೇಳದೆ ಕೊಡಬೇಡಿ.

ಗುರುಗಳು ಎಲ್ಲರ ಮುಂದೆ ಅವಮಾನ ಮಾಡಿದರು. "ನಿನ್ನ ಅಹಂಕಾರ ಮುರಿಯೋಕೆ" ಅಂದರು. ಸಹಿಸಬೇಕಾ?

ಬೈಗುಳ ಎಲ್ಲಿಗೆ ತಾಗಿತು ನೋಡಿ. ನಿಮ್ಮ ತಪ್ಪಿಗೆ ತಾಗಿದರೆ ಎರಡು ದಿನ ಉರಿಯುತ್ತದೆ, ಆಮೇಲೆ ನೀವು ಹಗುರಾಗುತ್ತೀರಿ. ನಿಮ್ಮ ಜಾತಿ, ಬಣ್ಣ, ಬಡತನ, ಹೆಣ್ಣುತನಕ್ಕೆ ತಾಗಿದರೆ ಅದು ಬೋಧೆ ಅಲ್ಲ. ಇನ್ನೊಂದು ಮಾತು. ಅವರ ಅಹಂಕಾರ ಮುರಿಯುವವರು ಅಲ್ಲಿ ಯಾರಾದರೂ ಇದ್ದಾರಾ?

ತಮ್ಮನಿಗೆ ಹಾವು ಕಚ್ಚಿದಾಗ ನಮ್ಮ ಮಹಾರಾಜರು "ಆಸ್ಪತ್ರೆ ಬೇಡ, ವಿಭೂತಿ ಸಾಕು" ಅಂದರು. ಭಕ್ತಿ ಕಡಿಮೆ ಆಗಿ ನಾವು ಆಸ್ಪತ್ರೆಗೆ ಹೋದೆವಾ?

ನೀವು ಹೋದದ್ದರಿಂದ ನಿಮ್ಮ ತಮ್ಮ ಉಳಿದ. ಮಹಾರಾಷ್ಟ್ರದಲ್ಲಿ ಎಲ್ಲರೂ ಜಾದೂಟೋಣಾ (ಮಾಟ-ಮಂತ್ರ ತಡೆಯುವ) ಕಾಯ್ದೆ ಎನ್ನುವ 2013ರ ಕಾಯ್ದೆ ಇದೆ. ಹಾವು, ಚೇಳು, ನಾಯಿ ಕಚ್ಚಿದಾಗ ಚಿಕಿತ್ಸೆ ತಡೆದು ಮಂತ್ರ-ದಾರ ಕಟ್ಟುವುದು ಅದರ ಪ್ರಕಾರ ಅಪರಾಧ. ಪೊಲೀಸರಿಗೆ ಹೇಳಬಹುದು.

ಗುರುಗಳು ಮಗಳನ್ನು ವಿಶೇಷ ದೀಕ್ಷೆಗೆ ಒಬ್ಬಳನ್ನೇ ಕಳಿಸಿ ಅಂದಿದ್ದಾರೆ. ಬೇಡ ಅಂದರೆ ಶಾಪ ತಗಲುತ್ತಾ?

ಕಳಿಸಬೇಡಿ. ಶಾಪ ತಗಲುವುದಿಲ್ಲ, ತಾಯಿ. ಮಗಳ ಹತ್ತಿರ ಕೂತು, ಈ ಮುಂಚೆ ಏನಾದರೂ ಆಗಿದೆಯಾ ಎಂದು ಮೆಲ್ಲಗೆ ಕೇಳಿ. ಅವಳು ಏನು ಹೇಳಿದರೂ ಬೈಯಬೇಡಿ, ನಂಬಿ. ಹದಿನೆಂಟರ ಒಳಗಿನ ಮಕ್ಕಳಿಗೆ 1098, ಹೆಂಗಸರಿಗೆ 181, ಪೊಲೀಸರಿಗೆ 112. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಗೊತ್ತಾದವರು ದೂರು ಕೊಡಲೇಬೇಕು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆ. ಊರಿನ ಮರ್ಯಾದೆ, ಮಠದ ಮರ್ಯಾದೆ ಎಂದು ಯಾರಾದರೂ ತಡೆದರೆ ನನಗೆ ಫೋನ್ ಮಾಡಿ, ನಾನು ಜೊತೆಗೆ ಬರುತ್ತೇನೆ.

ಗುರು ಮೋಸಗಾರ ಅಂತ ಗೊತ್ತಾಯ್ತು. ಹಾಗಾದರೆ ಅವರಿಂದ ಕಲಿತ ಧ್ಯಾನವೂ ಸುಳ್ಳಾ?

ಉಸಿರು ಅವರ ಆಸ್ತಿಯಲ್ಲ. ನೀವು ಬೆಳಗ್ಗೆ ಎದ್ದು ಕೂತದ್ದು, ಸಿಟ್ಟು ಇಳಿದದ್ದು, ಹೆಂಡತಿಯ ಮಾತು ಮೊದಲ ಸಲ ಪೂರ್ತಿ ಕೇಳಿಸಿಕೊಂಡದ್ದು ನಿಮ್ಮ ದುಡಿಮೆ.

ಆದರೆ ಒಂದಿಷ್ಟು ದಿನ ಕೂಡಲು ಆಗುವುದಿಲ್ಲ. ಕಣ್ಣು ಮುಚ್ಚಿದರೆ ಅವರ ದನಿಯೇ ಕೇಳಿಸುತ್ತದೆ. ನನಗೆ ಒಂದು ವರ್ಷ ಹೀಗಾಯಿತು. ಆ ವರ್ಷ ಸುಮ್ನೆ ಹೊಲದಲ್ಲಿ ಕಳೆ ಕಿತ್ತೆ. ಕೂಡಲೇ ಇನ್ನೊಬ್ಬ ಗುರುವನ್ನು ಹುಡುಕಲು ಓಡಬೇಡಿ. ಮೋಸ ಹೋದೆ ಎಂಬ ನಾಚಿಕೆಯನ್ನು ನಂಬಿಕೆಯ ಒಬ್ಬರ ಹತ್ತಿರ ಹೇಳಿಕೊಳ್ಳಿ. ನಾನು ಹೆಂಡತಿಯ ಹತ್ತಿರ ಹೇಳಿದೆ. "ಸರ ಹೋದ್ರ ಹೋಯ್ತು, ನೀವು ಬಂದ್ರಲ್ಲ" ಅಂದಳು.

## ಇನ್ನೂ ಮುಂದೆ

ಜ್ಞಾನೋದಯ ಒಂದೇ ಸಲಕ್ಕೆ ಆಗುತ್ತಾ, ನಿಧಾನಕ್ಕಾ?

ರಮಣರಿಗೆ 1896ರಲ್ಲಿ, 16ನೇ ವಯಸ್ಸಿಗೆ, ಮದುರೆಯ ಮನೆಯಲ್ಲಿ ಕೆಲವೇ ನಿಮಿಷದಲ್ಲಿ ಸಾವಿನ ಭಯ ಕರಗಿತು. ಈ ಕಥೆ ಎಲ್ಲರೂ ಹೇಳುತ್ತಾರೆ. ಆಮೇಲೆ ಅವರು ತಿರುವಣ್ಣಾಮಲೈಯ ಗುಹೆಗಳಲ್ಲಿ ಎಷ್ಟು ವರ್ಷ ಮಾತಿಲ್ಲದೆ ಕಳೆದರು ಎಂಬುದನ್ನು ಯಾರೂ ಹೇಳು​ವುದಿಲ್ಲ.

ನಮ್ಮ ಇಂಚಗೇರಿ ಪರಂಪರೆಯಲ್ಲಿ ಎರಡು ದಾರಿಯ ಮಾತಿದೆ. ಒಂದು ಇರುವೆಯ ದಾರಿ: ನಾಮ, ನೇಮ, ವರ್ಷಗಟ್ಟಲೆ ಮರ ಹತ್ತುವುದು. ಇನ್ನೊಂದು ಹಕ್ಕಿಯ ದಾರಿ: ತಿಳಿವಳಿಕೆಯಿಂದ ನೇರ ಹಣ್ಣಿಗೆ ಹಾರುವುದು. ಸಿದ್ಧರಾಮೇಶ್ವರ ಮಹಾರಾಜರು ಹಕ್ಕಿಯ ದಾರಿಯನ್ನು ಒತ್ತಿ ಹೇಳಿದರು. ಆದರೆ ಅವರೇ ಮೊದಲು ವರ್ಷಗಟ್ಟಲೆ ಇರುವೆಯಾಗಿದ್ದವರು. ಅದನ್ನು ಮರೆತು ಹಾರಲು ಹೋಗುವವರನ್ನು ನೋಡಿದರೆ ನನಗೆ ಭಯವಾಗುತ್ತದೆ.

"ನೀನು ಆಗಲೇ ಅದೇ ಆಗಿದ್ದೀ, ಮಾಡೋಕೆ ಏನೂ ಇಲ್ಲ" ಅಂತಾರೆ. ಮತ್ತೆ ಯಾಕೆ ಕೂಡಬೇಕು?

ನಿಸರ್ಗದತ್ತರೂ ಈ ಮಾತು ಆಡಿದವರೇ. ಆದರೆ 1933ರಲ್ಲಿ ಗುರು ಸಿಕ್ಕ ಮೇಲೆ ಸುಮಾರು ಮೂರು ವರ್ಷ, ಬಿಡುವು ಸಿಕ್ಕಾಗಲೆಲ್ಲ, "ನಾನು ಇದ್ದೇನೆ" ಅನ್ನುವುದರಲ್ಲೇ ನಿಂತರು. ಅಂಗಡಿ ಮುಚ್ಚಿ ಅಲ್ಲ, ನಡೆಸುತ್ತಾ. ಮಾಡಲು ಏನೂ ಇಲ್ಲ ಎಂಬುದು ಮಾಡಿ ಮುಗಿಸಿದವರ ಬಾಯಲ್ಲಿ ನಿಜ. ನಿಮ್ಮಿಂದ ಸಾಲ ತೆಗೆದುಕೊಂಡವನು "ಎಲ್ಲವೂ ಮಾಯೆ" ಅಂದರೆ ನೀವು ಒಪ್ಪುತ್ತೀರಾ?

ಗಾಳಿಯಲ್ಲಿ ವಸ್ತು ತರೋದು, ಮನಸ್ಸಲ್ಲಿರೋದು ಹೇಳೋದು, ಇದೆಲ್ಲ ಮುಟ್ಟಿದವರ ಲಕ್ಷಣ ಅಲ್ವಾ?

ಅಲ್ಲಮ ಮತ್ತು ಗೋರಕ್ಷರ ಕಥೆ ಕೇಳಿದ್ದೀರಲ್ಲ. ಕತ್ತಿಯಿಂದ ಹೊಡೆದರೆ ಗೋರಕ್ಷನ ವಜ್ರದ ಮೈ ಖಣ್ ಎಂದಿತು. ಗೋರಕ್ಷ ಅಲ್ಲಮನ ಮೇಲೆ ಬೀಸಿದರೆ ಕತ್ತಿ ಬಯಲಲ್ಲಿ ಆಡಿದ ಹಾಗೆ ಆಡಿತು. ಗಟ್ಟಿಯಾಗುವುದು ಸಿದ್ಧಿ, ಬಯಲಾಗುವುದು ಬೇರೆ. ನಮ್ಮ ಹಿರಿಯರು ಇದನ್ನು ಎಂಟುನೂರು ವರ್ಷದ ಹಿಂದೆಯೇ ತೀರ್ಮಾನ ಮಾಡಿ ಮುಗಿಸಿದ್ದಾರೆ.

ನನಗೆ ಆಗಿದೆ ಅನ್ನಿಸುತ್ತೆ. ಮೂರು ವಾರದಿಂದ "ನಾನು" ಇಲ್ಲ. ಜನರಿಗೆ ಹೇಳಲಾ?

ಮೂರು ವರ್ಷ ಯಾರಿಗೂ ಹೇಳಬೇಡಿ. ಮನೆಯ ಕೆಲಸ ಮಾಡಿ, ಸಾಲ ತೀರಿಸಿ, ದಾಯಾದಿಗಳ ಜೊತೆ ಬದುವಿನ ಜಗಳ ಬಂದಾಗ ಏನಾಗುತ್ತೆ ನೋಡಿ. ಅಲ್ಲೂ ಉಳಿದರೆ ನೀವು ಹೇಳುವುದೇ ಬೇಕಾಗುವುದಿಲ್ಲ. ಇದ್ದದ್ದು ಹೋದರೆ ಎದೆಗುಂದಬೇಡಿ, ಬಹಳ ಜನರಿಗೆ ಹೋಗುತ್ತದೆ. ಮತ್ತೆ ಉಸಿರಿಗೆ ಬನ್ನಿ. ಮೂರು ವಾರದಿಂದ ನಿದ್ದೆಯೂ ಇಲ್ಲ, ಮಾತೂ ನಿಲ್ಲುತ್ತಿಲ್ಲ ಎಂದಾದರೆ ಮೊದಲು ವೈದ್ಯರನ್ನು ಕಾಣಿ.

ನನಗೆ ಎಪ್ಪತ್ತೆಂಟು. ಸಾಯೋ ಹೊತ್ತಿಗೆ ಇದು ಕೈ ಹಿಡಿಯುತ್ತಾ, ತಮ್ಮಾ?

ಅಮ್ಮಾ, ರಮಣರ ತೋಳಿನಲ್ಲಿ ಗಡ್ಡೆಯಾಗಿ ನಾಲ್ಕು ಸಲ ಶಸ್ತ್ರಚಿಕಿತ್ಸೆ ಆಯಿತು. ನಿಸರ್ಗದತ್ತರಿಗೆ ಗಂಟಲಿನ ಕ್ಯಾನ್ಸರ್ ಬಂತು. ಮೈಯ ನೋವು ಅವರನ್ನೂ ಬಿಡಲಿಲ್ಲ. ಆ ನೋವಿನ ನಡುವೆಯೂ ಅವರು ಬಂದವರನ್ನು ಕಂಡರು, ಬಂದವರ ದುಃಖ ಕೇಳಿದರು. ಅಷ್ಟನ್ನು ನೋಡಿದವರು ಹೇಳಿದ್ದಾರೆ.

ನಾನು ಕಣ್ಣಾರೆ ನೋಡಿದ್ದು ನಮ್ಮ ಅವ್ವನನ್ನು. ಕೊನೆಯ ವಾರ ಮಾತು ಕಡಿಮೆಯಾಗಿತ್ತು. ನಾನು ರಾತ್ರಿ ಹಾಸಿಗೆಯ ಪಕ್ಕ ಕೂತು ಅವಳ ಉಸಿರಿನ ಜೊತೆ ಉಸಿರು ಬಿಡುತ್ತಿದ್ದೆ. ಒಳಗೆ ಬಂದಾಗ ಬಂತು, ಹೊರಗೆ ಹೋದಾಗ ಹೋಯಿತು, ಅಷ್ಟೇ. ಮೂರು ಗಂಟೆಗೆ ಕಣ್ಣು ತೆರೆದು "ಎಚ್ಚರ ಅದಿ ಏನಪಾ?" ಅಂದಳು. "ಅದೇನಿ ಅವ್ವಾ" ಅಂದೆ. ಮತ್ತೆ ಕಣ್ಣು ಮುಚ್ಚಿದಳು. ಕಂಬಳಿಯ ಮೇಲೆ ಅವಳ ಬಲಗೈ ಮೆಲ್ಲಗೆ ತಟ್ಟುತ್ತಿತ್ತು, ಎಡಗೈ ಅಂಚು ಕಾಯುತ್ತಿತ್ತು.

ಮೊಮ್ಮಗಳಿಗೆ ಹೇಳಿ, ರಾತ್ರಿ ಅರ್ಧ ಗಂಟೆ ನಿಮ್ಮ ಹತ್ತಿರ ಬಂದು ಸುಮ್ನೆ ಕೂಡಲಿ. ಇಬ್ಬರೂ ಒಟ್ಟಿಗೆ ಉಸಿರು ನೋಡಿ.